ಲಕ್ಷದ್ವೀಪ ಇನ್ನೊಂದು ಮಾಲ್ಡೀವ್ಸ್ ಆಗಬೇಕಾಗಿಲ್ಲ

2024ರ ಜನವರಿಯಿಂದ ಈಚೆಗೆ ನಮ್ಮಲ್ಲಿ ಒಂದು ಮಾತು ಬೇರೂರಿಬಿಟ್ಟಿದೆ. ಕಡಲತೀರದ ರಜೆ ಕಳೆಯಲು ಮಾಲ್ಡೀವ್ಸ್ ಯಾಕೆ, ನಮ್ಮದೇ ಲಕ್ಷದ್ವೀಪ ಇಲ್ಲವೇ? ಅದೇ ನೀಲಿ ನೀರು, ಅದೇ ಬಿಳಿ ಮರಳು, ಅದೇ ಹವಳ. ನಾಲ್ಕು ಒಳ್ಳೆಯ ರೆಸಾರ್ಟ್ ಕಟ್ಟಿ, ನೀರಿನ ಮೇಲೆ ಒಂದಷ್ಟು ವಿಲ್ಲಾ ನಿಲ್ಲಿಸಿ, ದೊಡ್ಡ ವಿಮಾನ ಇಳಿಯುವಂತೆ ಮಾಡಿದರೆ ನಮ್ಮ ದುಡ್ಡು ನಮ್ಮಲ್ಲೇ ಉಳಿಯುತ್ತದೆ. ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದನ್ನು ಒಪ್ಪದವರೇ ಇಲ್ಲ ಎನ್ನುವಷ್ಟು ಇದು ಸಲೀಸಾಗಿ ಓಡಾಡುತ್ತಿದೆ.

ಈ ಮಾತು ಹುಟ್ಟಿದ ಸಂದರ್ಭ ಎಲ್ಲರಿಗೂ ನೆನಪಿದೆ. ಆ ತಿಂಗಳ ಮೊದಲ ವಾರ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋಗಿ ಬಂದು ಅಲ್ಲಿನ ಚಿತ್ರಗಳನ್ನು ಹಂಚಿಕೊಂಡರು. ಅದಕ್ಕೆ ಮಾಲ್ಡೀವ್ಸ್‌ನ ಮೂವರು ಉಪಸಚಿವರು ಕೀಳಾಗಿ ಮಾತಾಡಿ ಅಮಾನತಾದರು. ಪ್ರವಾಸದ ಕಂಪನಿಯೊಂದು ಮಾಲ್ಡೀವ್ಸ್‌ಗೆ ವಿಮಾನದ ಬುಕಿಂಗನ್ನೇ ನಿಲ್ಲಿಸಿತು. 2023ರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಭಾರತೀಯರು ಮಾಲ್ಡೀವ್ಸ್‌ಗೆ ಹೋಗಿದ್ದರು; ಬೇರಾವ ದೇಶದಿಂದಲೂ ಅಷ್ಟು ಜನ ಹೋಗಿರಲಿಲ್ಲ. ಮರುವರ್ಷ ಆ ಸಂಖ್ಯೆ ಗಣನೀಯವಾಗಿ ಇಳಿಯಿತು. ಜಗಳ ಈಗ ತಣ್ಣಗಾಗಿದೆ. ಆದರೆ ಅದರಿಂದ ಹುಟ್ಟಿದ ತೀರ್ಮಾನ ಮಾತ್ರ ಗಟ್ಟಿಯಾಗಿ ಉಳಿದಿದೆ. ಆ ತೀರ್ಮಾನ ತಪ್ಪು, ಮತ್ತು ಅದು ಜಾರಿಗೆ ಬಂದರೆ ಆಗುವ ನಷ್ಟವನ್ನು ತುಂಬಿಕೊಡಲು ಯಾರಿಂದಲೂ ಆಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ನೆಲದ ಲೆಕ್ಕ ನೋಡೋಣ. ಮಾಲ್ಡೀವ್ಸ್‌ನಲ್ಲಿ ಸುಮಾರು 1,190 ದ್ವೀಪಗಳಿವೆ. ಜನ ಊರು ಕಟ್ಟಿಕೊಂಡಿರುವುದು ಇನ್ನೂರರ ಆಸುಪಾಸಿನಷ್ಟರಲ್ಲಿ ಮಾತ್ರ. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಾಗಿನಿಂದ ಆ ದೇಶ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿಯಲ್ಲಿ ಬೆಳೆಯಿತು. ಜನವಸತಿ ಇಲ್ಲದ ಒಂದು ತುಣುಕು ನೆಲವನ್ನು ಇಡಿಯಾಗಿ ಒಬ್ಬ ಉದ್ಯಮಿಗೆ ಗುತ್ತಿಗೆ ಕೊಡುವುದು. ಅಲ್ಲಿನ ವಿದ್ಯುತ್ತು, ನೀರು, ಕೊಳಚೆ ಎಲ್ಲ ಅವನ ಹೊಣೆ. ಹೀಗೆ ಮಾಡಲು ಅವರಲ್ಲಿ ಖಾಲಿ ದ್ವೀಪಗಳು ಸಾವಿರದ ಹತ್ತಿರ ಇದ್ದವು.

ಲಕ್ಷದ್ವೀಪದಲ್ಲಿ ಇರುವುದು 36 ದ್ವೀಪ. ಎಲ್ಲದರ ನೆಲ ಕೂಡಿಸಿದರೆ 32 ಚದರ ಕಿಲೋಮೀಟರ್. ಬೆಂಗಳೂರು ನಗರ ಒಂದೇ 700 ಚದರ ಕಿಲೋಮೀಟರ್ ದಾಟಿದೆ ಎಂಬುದನ್ನು ನೆನೆದರೆ ಈ ಅಳತೆ ಕಣ್ಣಿಗೆ ಕಟ್ಟೀತು. ಜನ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64,473 ಮಂದಿ, ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರ ಜನ. ಖಾಲಿ ಎಂದು ನಾವು ಕರೆಯುವ ದ್ವೀಪಗಳು ಕೂಡ ಖಾಲಿಯಲ್ಲ. ಪಕ್ಕದ ದ್ವೀಪದವರು ಅಲ್ಲಿ ತೆಂಗು ಕೀಳುತ್ತಾರೆ, ಮೀನಿನ ಕಾಲದಲ್ಲಿ ಬೀಡುಬಿಡುತ್ತಾರೆ. ಮಾಲ್ಡೀವ್ಸ್ ಮಾದರಿಗೆ ಬೇಕಾದ ಮೊದಲ ಸಾಮಗ್ರಿಯೇ ಇಲ್ಲಿಲ್ಲ.

ಎರಡನೆಯದು ನೀರು. ಹವಳ ದ್ವೀಪದ ಸಿಹಿನೀರು ನಮ್ಮ ಊರಿನ ಅಂತರ್ಜಲದ ಹಾಗಲ್ಲ. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಬೆಟ್ಟವಿಲ್ಲ. ಮಳೆ ಬಿದ್ದ ನೀರು ಸುಣ್ಣದ ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಆ ಒಂದು ವ್ಯತ್ಯಾಸದ ಮೇಲೆ ದ್ವೀಪದ ಬದುಕು ನಿಂತಿದೆ. ಅಂತರ್ಜಲ ಶಾಸ್ತ್ರದ ಹಳೆಯ ಲೆಕ್ಕದ ಪ್ರಕಾರ ಮೇಲಿನಿಂದ ನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನಿಂದ ಉಪ್ಪುನೀರು ಸುಮಾರು ನಲವತ್ತು ಅಡಿ ಮೇಲೇರುತ್ತದೆ. ಪಂಪು ಹಚ್ಚಿ ಎಳೆದರೆ ಬಾವಿ ಬತ್ತುವ ಮೊದಲೇ ಉಪ್ಪಾಗುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಹಲವು ಮಳೆಗಾಲ ಬೇಕು. ಶೌಚದ ಗುಂಡಿಯೂ ಅದೇ ಮರಳಿನಲ್ಲಿ, ಬಾವಿಯ ಪಕ್ಕದಲ್ಲೇ ಇರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಸಮುದ್ರದ ನೀರನ್ನೇ ಸಿಹಿ ಮಾಡಿದರಾಯಿತು, ತಂತ್ರಜ್ಞಾನ ಇದೆಯಲ್ಲ ಎಂಬ ಉತ್ತರ ತಕ್ಷಣ ಬರುತ್ತದೆ. ಇದೆ ನಿಜ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿ ದ್ವೀಪದಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕ ಸ್ಥಾಪಿಸಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ತಂದ ತಣ್ಣೀರಿನಿಂದ ತಂಪಾಗಿಸಿ ಇಳಿಸಿಕೊಳ್ಳುವ ಆ ವಿಧಾನ ನಮ್ಮ ವಿಜ್ಞಾನಿಗಳ ಹೆಮ್ಮೆಯ ಸಾಧನೆ. ಆದರೆ ಕವರತ್ತಿಯ ಜನಸಂಖ್ಯೆ ಹನ್ನೊಂದು ಸಾವಿರ ದಾಟುತ್ತದೆ. ಭಾಗಿಸಿ ನೋಡಿದರೆ ಆ ಘಟಕ ಕೊಡುವುದು ತಲೆಗೆ ಒಂಬತ್ತು ಲೀಟರ್, ಕುಡಿಯಲು ಮತ್ತು ಅಡುಗೆಗೆ. ಐಷಾರಾಮಿ ಕೋಣೆಯ ಬಾತ್‌ಟಬ್ ಒಮ್ಮೆ ತುಂಬಲು 150 ಲೀಟರಾದರೂ ಬೇಕು. ಒಬ್ಬ ಅತಿಥಿಯ ಒಂದು ಸ್ನಾನ ಹದಿನಾರು ದ್ವೀಪವಾಸಿಗಳ ಒಂದು ದಿನದ ಕುಡಿಯುವ ನೀರು. ಇಂಥ ಇನ್ನಷ್ಟು ಯಂತ್ರ ಸ್ಥಾಪಿಸಬಹುದು. ಆದರೆ ಅವನ್ನು ನಡೆಸಲು ವಿದ್ಯುತ್ತು ಬೇಕು, ಆ ವಿದ್ಯುತ್ತಿನ ಬಹುಪಾಲು ಮುಖ್ಯಭೂಮಿಯಿಂದ ಹಡಗಿನಲ್ಲಿ ಬರುವ ಡೀಸೆಲ್‌ನಿಂದ ಹುಟ್ಟುತ್ತದೆ.

ಯಂತ್ರದ ಮೇಲೆ ಪೂರಾ ಭಾರ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಮಾಲ್ಡೀವ್ಸ್‌ನಲ್ಲೇ ಇದೆ. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯ ನೀರಿನ ಘಟಕಕ್ಕೆ ಬೆಂಕಿ ಬಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿಯಲ್ಲಿ ಹನಿ ನೀರಿಲ್ಲದಂತಾಯಿತು. ಆಗ ವಾಯುಪಡೆಯ ವಿಮಾನಗಳಲ್ಲಿ, ನೌಕಾಪಡೆಯ ಹಡಗುಗಳಲ್ಲಿ ನೀರು ಕಳಿಸಿದ್ದು ಭಾರತ. ಆ ಕಾರ್ಯಾಚರಣೆಗೆ ನೀರ್ ಎಂದೇ ಹೆಸರಿತ್ತು. ಕಸದ ಕಥೆಯೂ ಹೀಗೇ. ಮಾಲೆಯ ಮತ್ತು ರೆಸಾರ್ಟ್‌ಗಳ ಕಸ ಸುರಿಯಲು 1990ರ ದಶಕದ ಆರಂಭದಲ್ಲಿ ತಿಲಫುಶಿ ಎಂಬ ಲಗೂನನ್ನು, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲನ್ನು, ಆರಿಸಿಕೊಂಡರು. ಇವತ್ತು ಅದು ಕಸದಿಂದಲೇ ಮೇಲೆದ್ದ ದ್ವೀಪ. ಯಾವುದನ್ನು ನಾವು ಮಾದರಿ ಎಂದು ಎತ್ತಿ ಹಿಡಿಯುತ್ತಿದ್ದೇವೋ ಆ ದೇಶವೇ ಈ ಸಮಸ್ಯೆಗಳಿಂದ ಹೊರಬರಲು ಹೆಣಗುತ್ತಿದೆ.

ಇನ್ನು ನೀರಿನ ಮೇಲಿನ ವಿಲ್ಲಾಗಳ ವಿಷಯ. ನೆಲ ಸಾಲದಿದ್ದರೇನು, ಲಗೂನು ಇದೆಯಲ್ಲ, ಕಂಬ ಊರಿ ಕಟ್ಟಿದರೆ ಯಾರಿಗೇನು ತೊಂದರೆ ಎಂದು ಕೇಳುವವರು ಲಗೂನು ಎಂದರೆ ಬರೀ ನೀಲಿ ನೀರು ಎಂದುಕೊಂಡಿದ್ದಾರೆ. ಲಕ್ಷದ್ವೀಪದ ನೆಲ 32 ಚದರ ಕಿಲೋಮೀಟರಾದರೆ ಲಗೂನಿನ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ಅಲ್ಲಿಯವರಿಗೆ ಅದು ಹೊಲ, ಗೋಮಾಳ, ಉಗ್ರಾಣ ಎಲ್ಲವೂ.

ಮಿನಿಕಾಯ್ ದ್ವೀಪದ ಟ್ಯೂನಾ ಬೇಟೆಯನ್ನೇ ನೋಡಿ. ದೋಣಿ ಕಡಲಿಗಿಳಿಯುವ ಮೊದಲು ಲಗೂನಿನಲ್ಲಿ ಬೆರಳುದ್ದದ ಸಣ್ಣ ಮೀನುಗಳನ್ನು ಬಲೆಯಲ್ಲಿ ಹಿಡಿಯುತ್ತಾರೆ. ಇವು ಟ್ಯೂನಾವನ್ನು ಸೆಳೆಯುವ ಎರೆ. ಸತ್ತರೆ ಕೆಲಸಕ್ಕೆ ಬಾರದು. ಹಾಗಾಗಿ ದೋಣಿಯ ಹೊಟ್ಟೆಯಲ್ಲಿ ಸಮುದ್ರದ ನೀರು ಸದಾ ಹರಿದಾಡುವಂತೆ ಮಾಡಿ ಅವನ್ನು ಜೀವಂತ ಇಟ್ಟುಕೊಳ್ಳುತ್ತಾರೆ. ಆಮೇಲೆ ಹವಳದ ದಿಬ್ಬ ದಾಟಿ ಆಳಕ್ಕೆ ಹೋಗಿ, ಟ್ಯೂನಾ ಹಿಂಡು ಕಂಡ ಕೂಡಲೇ ಆ ಸಣ್ಣ ಮೀನುಗಳನ್ನು ಎರಚುತ್ತಾರೆ. ಜೊತೆಗೇ ನೀರನ್ನು ಚಿಮುಕಿಸುತ್ತಾರೆ. ನೀರಿನ ಮೇಲ್ಮೈ ಕುದಿಯುವಂತೆ ಕಂಡಾಗ ಟ್ಯೂನಾ ಹಸಿದು ನುಗ್ಗುತ್ತದೆ. ಸಾಲಾಗಿ ನಿಂತವರು ಮುಳ್ಳಿಲ್ಲದ ಗಾಳ ಕಟ್ಟಿದ ಕೋಲಿನಿಂದ ಒಂದೊಂದಾಗಿ ಎತ್ತಿ ದೋಣಿಯೊಳಗೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ ಕಾರಣ ಮೀನು ಬಿದ್ದ ಕ್ಷಣವೇ ಬಿಡಿಸಿಕೊಳ್ಳುತ್ತದೆ; ಕೋಲು ಮತ್ತೆ ನೀರಿಗಿಳಿಯುತ್ತದೆ. ಈ ಬೇಟೆಯಲ್ಲಿ ಆಮೆ ಸಿಕ್ಕಿ ಸಾಯುವುದಿಲ್ಲ, ಕಡಲ ತಳ ಕೆರೆದು ಹೋಗುವುದಿಲ್ಲ. ಹಿಡಿದ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ ಮಾಸ್ ಮಾಡಿ ಮಾರುತ್ತಾರೆ.

ಈ ಇಡೀ ಕಸುಬಿಗೆ ಆಧಾರ ಲಗೂನಿನ ಆ ಬೆರಳುದ್ದದ ಮೀನು. ಅದು ಬದುಕುವುದು ಹವಳದ ಸಂದಿಯಲ್ಲಿ, ತಿಳಿನೀರಿನಲ್ಲಿ. ಕಂಬ ಊರುವಾಗ ಏಳುವ ಕೆಸರು ಹವಳದ ಮೇಲೆ ಕೂತರೆ ಹವಳ ಉಸಿರುಗಟ್ಟುತ್ತದೆ, ವಿಲ್ಲಾದ ನೆರಳು ಬಿದ್ದಲ್ಲಿ ಬೆಳಕಿಲ್ಲದೆ ಸೊರಗುತ್ತದೆ, ಕೊಳಚೆ ಸೇರಿದಲ್ಲಿ ಪಾಚಿ ಆವರಿಸುತ್ತದೆ. ಮಿನಿಕಾಯ್, ಸುಹೇಲಿ, ಕದ್ಮತ್ ಈ ಮೂರರಲ್ಲೂ ಇಂಥ ವಿಲ್ಲಾಗಳ ಯೋಜನೆ ಸರ್ಕಾರದ ಕಡತದಲ್ಲಿದೆ. ಉದ್ಯೋಗ ಕೊಡುತ್ತೇವೆಂದು ಹೊರಟು, ಇರುವ ಉದ್ಯೋಗದ ಬುಡಕ್ಕೆ ಕಂಬ ನೆಡುವುದು ಅಭಿವೃದ್ಧಿಯಲ್ಲ.

ಹವಳ ಸತ್ತರೆ ಮೀನು ಹೋಗುತ್ತದೆ ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ. ಈ ದ್ವೀಪಗಳ ನೆಲವೇ ಹವಳದ ಪುಡಿ. ತೆರೆಯ ಹೊಡೆತವನ್ನು ತಡೆದು ದ್ವೀಪವನ್ನು ಕಾಯುವುದೂ ಹವಳದ ದಿಬ್ಬವೇ. ಸಮುದ್ರ ಬಿಸಿಯೇರಿ 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿತು. 2024ರ ಬೇಸಿಗೆಯಲ್ಲಿ ಮತ್ತೆ ಬಿಳಿಚಿತು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು. ಬಂಗಾರಂ ದ್ವೀಪದ ಹತ್ತಿರದ ಪರಾಲಿ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪಗಳಲ್ಲಿ ಒಂದು ಕಡಲ್ಕೊರೆತಕ್ಕೆ ಸಿಕ್ಕಿ ಪೂರ್ತಿ ಮುಳುಗಿಹೋದ ಸಂಗತಿ 2017ರಲ್ಲಿ ಅಧ್ಯಯನವೊಂದರಿಂದ ಗೊತ್ತಾಯಿತು. ಬಿಸಿಯೇರುವ ಕಡಲನ್ನು ನಿಲ್ಲಿಸುವುದು ದ್ವೀಪದವರ ಕೈಯಲ್ಲಿಲ್ಲ. ಅದರ ಮೇಲೆ ಕೆಸರು, ಕೊಳಚೆ, ಲಂಗರಿನ ಹೊಡೆತ ಸೇರದಂತೆ ನೋಡಿಕೊಳ್ಳುವುದಷ್ಟೇ ಮನುಷ್ಯರ ಕೈಯಲ್ಲಿ ಉಳಿದಿದೆ. ಅದನ್ನೂ ಮಾಡದಿದ್ದರೆ ರೆಸಾರ್ಟ್ ಕಟ್ಟಲು ದ್ವೀಪವೇ ಇರುವುದಿಲ್ಲ.

ಇಷ್ಟೆಲ್ಲ ಹೇಳಿದಾಗ ಒಂದು ಗಂಭೀರ ಪ್ರಶ್ನೆ ಎದುರಾಗುತ್ತದೆ. ದ್ವೀಪದವರಿಗೆ ಪ್ರವಾಸೋದ್ಯಮ ಬೇಡವೇ? ಅವರು ಬಡತನದಲ್ಲೇ ಇರಬೇಕೇ? ಪ್ರವಾಸೋದ್ಯಮ ಬೇಕು ಎನ್ನುವವರು ಅಲ್ಲಿ ಬಹಳ ಮಂದಿ ಇದ್ದಾರೆ. ಅವರ ಬೇಡಿಕೆ ಏನೆಂದು ಕೇಳಿಸಿಕೊಳ್ಳಬೇಕು. ಗಂಭೀರ ಕಾಯಿಲೆ ಬಂದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಹಾರಬೇಕು; ಹೆಚ್ಚಿನ ಓದಿಗೆ ಕೇರಳಕ್ಕೋ ಮಂಗಳೂರಿಗೋ ಬರಬೇಕು; ತಮ್ಮೂರಿಗೆ ಹೋಗುವ ಹಡಗಿನ ಟಿಕೆಟ್ಟಿಗೇ ಪರದಾಡಿದ ದಿನಗಳಿವೆ. ಆಸ್ಪತ್ರೆ, ಹಡಗು, ಮೀನು ಕೆಡದಂತೆ ಇಡುವ ಮಂಜುಗಡ್ಡೆ, ತಮ್ಮದೇ ಮನೆಯಲ್ಲಿ ನಾಲ್ಕು ಅತಿಥಿಗಳನ್ನು ಇಟ್ಟುಕೊಳ್ಳುವ ಅವಕಾಶ: ಇವು ಅವರ ಬೇಡಿಕೆಗಳು. ಇವು ಯಾವುವೂ ನೀರಿನ ಮೇಲಿನ ವಿಲ್ಲಾದಿಂದ ಈಡೇರುವಂಥವಲ್ಲ. 2021ರಲ್ಲಿ ಯೋಜನೆಯ ಹೆಸರಿನಲ್ಲಿ ಯಾವುದೇ ಜಾಗವನ್ನು ವಶಕ್ಕೆ ಪಡೆಯಲು ಆಡಳಿತಕ್ಕೆ ಅಧಿಕಾರ ಕೊಡುವ ಕರಡು ನಿಯಮ ಬಂದಾಗ ದ್ವೀಪದವರು ಜೂನ್ 7ರಂದು ಮನೆಮನೆಯಲ್ಲಿ ಹನ್ನೆರಡು ಗಂಟೆ ಉಪವಾಸ ಕೂತರು. ಅವರ ವಿರೋಧ ಅತಿಥಿಗಳ ಬಗ್ಗೆ ಇರಲಿಲ್ಲ. ತಮ್ಮ ನೆಲ ಕೈತಪ್ಪುವ ಬಗ್ಗೆ ಇತ್ತು.

ಈ ಜನ ಕನ್ನಡಿಗರಿಗೆ ಅಪರಿಚಿತರೂ ಅಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದು, 1799ರ ನಂತರ ಬ್ರಿಟಿಷರಿಗೆ ಹೋಗಿ, 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿ ಎಂಬ ಸರಕಿನ ದೋಣಿಗಳು ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಕಬ್ಬಿಣ ಹೇರಿಕೊಂಡು ಆ ದ್ವೀಪಗಳಿಗೆ ಹೊರಡುತ್ತವೆ. ಮಳೆಗಾಲ ಬಂತೆಂದರೆ ಆ ಓಡಾಟ ನಿಲ್ಲುತ್ತದೆ. ಅಷ್ಟರೊಳಗೆ ನಾಲ್ಕು ತಿಂಗಳಿಗೆ ಬೇಕಾದದ್ದು ತಲುಪಿರಬೇಕು. ತುಳುನಾಡಿನ ಅಳಿಯಸಂತಾನದ ಹಾಗೆ ಅಲ್ಲಿನ ಮುಸ್ಲಿಂ ಮನೆತನಗಳಲ್ಲೂ ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿ ಇದೆ. ಜಲ್ಲಿಕಲ್ಲೂ ಹೊರಗಿನಿಂದ ಬರಬೇಕಾದ ಊರಿನಲ್ಲಿ ಅತಿಥಿ ತಿನ್ನುವ ಸೇಬಿನಿಂದ ಹಿಡಿದು ಅವನು ಬಿಸಾಡುವ ಬಾಟಲಿಯವರೆಗೆ ಪ್ರತಿಯೊಂದೂ ಒಂದು ಹಡಗಿನ ಹೊರೆ ಎಂಬುದನ್ನು ಮಂಗಳೂರಿನ ಬಂದರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಎಲ್ಲಿಗೂ ಹೋಗಬಾರದೇ? ಹೋಗಬೇಕು. ಆದರೆ ದ್ವೀಪ ಆರಿಸುವ ನಮ್ಮ ಕ್ರಮ ಬದಲಾಗಬೇಕು. ಯಾವ ತೀರ ಹೆಚ್ಚು ನೀಲಿ, ಯಾವುದು ಅಗ್ಗ, ಯಾವುದು ಪಟ್ಟಿಯಲ್ಲಿ ಮೊದಲು ಎಂಬ ಮೂರೇ ಪ್ರಶ್ನೆ ಕೇಳಿ ಆರಿಸಿದ ದ್ವೀಪಗಳ ಗತಿ ಕಣ್ಣೆದುರೇ ಇದೆ. ಫಿಲಿಪ್ಪೀನ್ಸ್‌ನ ಬೊರಾಕೇ ಜಗತ್ತಿನ ಸುಂದರ ತೀರಗಳ ಪಟ್ಟಿಗಳಲ್ಲಿ ಮೆರೆಯಿತು. ಹತ್ತು ಚದರ ಕಿಲೋಮೀಟರಿನ ಆ ದ್ವೀಪಕ್ಕೆ ವರ್ಷಕ್ಕೆ ಇಪ್ಪತ್ತು ಲಕ್ಷದಷ್ಟು ಜನ ನುಗ್ಗಿ, ಹೋಟೆಲುಗಳ ಕೊಳಚೆ ನೇರ ಕಡಲಿಗೆ ಬಿದ್ದು, 2018ರ ಏಪ್ರಿಲ್‌ನಿಂದ ಆರು ತಿಂಗಳು ದ್ವೀಪವನ್ನೇ ಮುಚ್ಚಬೇಕಾಯಿತು. ಥಾಯ್ಲೆಂಡಿನ ಮಾಯಾ ಬೇ ಒಂದು ಹಾಲಿವುಡ್ ಚಿತ್ರದಿಂದ ಹೆಸರಾಯಿತು. ದಿನಕ್ಕೆ ಸಾವಿರಾರು ಜನ ದೋಣಿಯಲ್ಲಿ ಬಂದಿಳಿದು ಹವಳವನ್ನು ಪುಡಿ ಮಾಡಿದರು. 2018ರಲ್ಲಿ ಮುಚ್ಚಿದ ಆ ಕೊಲ್ಲಿ ತೆರೆದದ್ದು 2022ರ ಜನವರಿಯಲ್ಲಿ. ಈಗ ದೋಣಿಗಳು ಒಳಗೆ ಬರುವಂತಿಲ್ಲ, ಜನರ ಸಂಖ್ಯೆಗೆ ಮಿತಿ ಇದೆ, ವರ್ಷದಲ್ಲಿ ಎರಡು ತಿಂಗಳು ಬಾಗಿಲು ಹಾಕುತ್ತಾರೆ. ದೊಡ್ಡ ದೇಶಗಳ ದೊಡ್ಡ ಪ್ರವಾಸೋದ್ಯಮಗಳೇ ಕೆಟ್ಟ ಮೇಲೆ ಕಲಿತ ಪಾಠ ಇದು. ಲಕ್ಷದ್ವೀಪ ಕೆಡುವ ಮೊದಲೇ ಅದನ್ನು ನಾವು ಕಲಿಯಬಹುದು.

ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ದ್ವೀಪದಲ್ಲಿ ನಾನು ಬಳಸುವ ನೀರು ಎಲ್ಲಿಂದ ಬರುತ್ತದೆ? ನನ್ನ ಕಸ ಎಲ್ಲಿಗೆ ಹೋಗುತ್ತದೆ? ನಾನು ಕೊಟ್ಟ ಬಾಡಿಗೆ ಯಾರ ಕೈ ಸೇರುತ್ತದೆ? ನಾನು ಹೋಗುವ ತಿಂಗಳು ಆ ಕಡಲಿಗೆ ಒಗ್ಗುತ್ತದೆಯೇ?

ಈ ಪ್ರಶ್ನೆ ಕೇಳಿಕೊಂಡು ನೋಡಿದರೆ ಆಯ್ಕೆ ಸುಲಭವಾಗುತ್ತದೆ. ನೀರಿನ ಮೇಲಿನ ಕೋಣೆ, ಸ್ವಂತ ಈಜುಕೊಳ, ಮೂರು ಹೊತ್ತು ತರಾವರಿ ಊಟ ಬೇಕೆನ್ನುವವರು ಮಾಲ್ಡೀವ್ಸ್‌ಗೇ ಹೋಗಲಿ. ಅದಕ್ಕೆಂದೇ ಅರ್ಧ ಶತಮಾನದಿಂದ ಕಟ್ಟಿದ ವ್ಯವಸ್ಥೆ ಅಲ್ಲಿದೆ. ಊರಿನ ಜನರ ನಡುವೆ ಇರಲು ಇಷ್ಟಪಡುವವರಿಗೆ ಮಾಫುಶಿಯಂಥ ದ್ವೀಪಗಳಲ್ಲಿ ಸ್ಥಳೀಯರ ಅತಿಥಿಗೃಹಗಳಿವೆ. ನೆರೆದೇಶಕ್ಕೆ ರಜೆಗೆ ಹೋದರೆ ದೇಶಾಭಿಮಾನಕ್ಕೆ ಕುಂದು ಬರುವುದಿಲ್ಲ. ಕಾಡು, ಬೆಟ್ಟ, ತೀರ ಮೂರೂ ಬೇಕೆನ್ನುವವರಿಗೆ ಅಂಡಮಾನ್ ಇದೆ. ಅಲ್ಲಿ ನೆಲ ಹೆಚ್ಚು, ಕಾಡಿದೆ. ಆದರೆ ಜಾರವಾ ಜನರ ಮೀಸಲು ಕಾಡಿನೊಳಗೆ ಹಾದುಹೋಗುವ ಟ್ರಂಕ್ ರಸ್ತೆಯಲ್ಲಿ ಮನುಷ್ಯರನ್ನು ಮೃಗಾಲಯದ ಪ್ರಾಣಿಗಳಂತೆ ನೋಡಲು ಹೋಗುವ ನೀಚತನ ಬೇಡ. 2012ರಲ್ಲಿ ಅಂಥದ್ದೊಂದು ವಿಡಿಯೊ ಹೊರಬಿದ್ದು ಇಡೀ ದೇಶ ತಲೆತಗ್ಗಿಸಿತ್ತು.

ಲಕ್ಷದ್ವೀಪಕ್ಕೆ ಹೋಗಬೇಕೆನ್ನುವವರಿಗೆ ದಾರಿ ಈಗಾಗಲೇ ಇದೆ. 1982ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ನಡೆಸಿಕೊಂಡು ಬಂದ ಸಮುದ್ರಂ ಎಂಬ ಹಡಗಿನ ಪ್ರವಾಸದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಬಹುದು. ಹಗಲು ದ್ವೀಪದಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲಿ. ದ್ವೀಪದ ನೀರಿನ ಮೇಲೆ, ನೆಲದ ಮೇಲೆ ಭಾರ ಕಡಿಮೆ. ಊಟ, ಕುಣಿತ, ದೋಣಿ ಎಲ್ಲ ಸ್ಥಳೀಯರದು. ಹವಳ ದ್ವೀಪಕ್ಕೆ ಒಗ್ಗುವ ಪ್ರವಾಸೋದ್ಯಮ ಇದು. ಇದನ್ನು ಹಿಂದುಳಿದದ್ದು ಎಂದು ಬದಿಗೆ ಸರಿಸುವ ಬದಲು ಒಳ್ಳೆಯ ಹಡಗು ಕೊಟ್ಟು ಬಲಪಡಿಸಬೇಕು. ಅಲ್ಲಿಗೆ ಹೋಗಲು ಬೇಕಾದ ಪ್ರವೇಶ ಪರವಾನಗಿಯನ್ನು ಕಿರಿಕಿರಿ ಎನ್ನುವವರು ಬಹಳ. ಆ ಪರವಾನಗಿಯೇ ಇಷ್ಟು ವರ್ಷ ಆ ದ್ವೀಪಗಳನ್ನು ಉಳಿಸಿದ್ದು. ಅದು ಸಡಿಲವಾಗಬಾರದು.

ನೀತಿ ಮಾಡುವವರಿಗೂ ಹೇಳಬೇಕಾದ್ದು ಇದೆ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ರವೀಂದ್ರನ್ ಸಮಿತಿ ಲಕ್ಷದ್ವೀಪದ ಪ್ರತಿ ದ್ವೀಪದ ಸಾಮರ್ಥ್ಯ ನೋಡಿ ಯೋಜನೆ ಮಾಡುವ ಮಾರ್ಗವನ್ನು ಹತ್ತು ವರ್ಷಕ್ಕೂ ಹಿಂದೆಯೇ ತೋರಿಸಿದೆ. ಅದನ್ನು ಪಾಲಿಸಿದರೆ ಸಾಕು. ಯಾವ ದ್ವೀಪಕ್ಕೆ ಎಷ್ಟು ಅತಿಥಿಗಳು ಎಂಬುದನ್ನು ಹೋಟೆಲ್ ಕಂಪನಿಯ ಲೆಕ್ಕಪತ್ರ ತೀರ್ಮಾನಿಸಬಾರದು. ಅದನ್ನು ಆ ದ್ವೀಪದ ಬಾವಿ ತೀರ್ಮಾನಿಸಬೇಕು, ಆ ದ್ವೀಪದ ಜನ ತೀರ್ಮಾನಿಸಬೇಕು.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ರಜೆಗೆ ದ್ವೀಪ ಆರಿಸುವಾಗ ಚಿತ್ರ ನೋಡಿ ಮನಸೋತು ಟಿಕೆಟ್ ಮಾಡಬೇಡಿ. ಮಾಲ್ಡೀವ್ಸ್‌ಗೆ ಪಾಠ ಕಲಿಸಲೆಂದು ಲಕ್ಷದ್ವೀಪಕ್ಕೆ ಹೋಗಬೇಡಿ. ಹೋಗುವುದಾದರೆ ಹಡಗಿನಲ್ಲಿ ಹೋಗಿ, ಸ್ಥಳೀಯರ ಕೈಯಲ್ಲಿ ಉಂಡು, ಹವಳ ಮುಟ್ಟದೆ, ಕಸ ಹೊತ್ತು ವಾಪಸು ತನ್ನಿ. ಲಕ್ಷದ್ವೀಪವನ್ನು ಮಾಲ್ಡೀವ್ಸ್ ಮಾಡಿ ಎಂದು ಯಾರಾದರೂ ಹೇಳಿದರೆ ಅಲ್ಲಿನ ಬಾವಿಯ ನೀರಿನ ಲೆಕ್ಕವನ್ನು ಅವರ ಮುಂದಿಡಿ. 32 ಚದರ ಕಿಲೋಮೀಟರ್ ನೆಲ ಇರುವ ಜನರ ಹತ್ತಿರ ನಮ್ಮ ರಜೆಗಾಗಿ ಜಾಗ ಕೇಳುವ ಹಕ್ಕು ನಮಗಿಲ್ಲ.